ರೂವಾರಿ ಮಲ್ಲಿತಮ್ಮನ ಕಾಲವಿಚಾರ

ನಮ್ಮ ಪ್ರಾಚೀನ ಶಿಲ್ಪಿಗಳು ತಮ್ಮ ಹೆಸರನ್ನು ಹೇಳಿಕೊಳ್ಳುತ್ತಿರಲಿಲ್ಲವೆಂಬ ಮಾತು ಹೊಯ್ಸಳ ದೇವಾಲಯಗಳ ಮಟ್ಟಿಗೆ ಸಲ್ಲದು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಬಿರುದುಗಳನ್ನು ಸಹ ಬಿಡದೆ ಕೊರೆದಿರುವರು. ಮಲ್ಲಿತಮ್ಮನ ರೀತಿ ಬೇರೆ. ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು ಕ್ರಿ. ಶ. 1268ರಲ್ಲಿ ಪ್ರತಿಷ್ಠೆ ಮಾಡಿಸಿದ ಸೋಮನಾಥಪುರದ ಕೇಶವಾಲಯದಲ್ಲಿ ಸುಮಾರು 40 ಪ್ರತಿಮೆಗಳು ಇವನ ಹೆಸರನ್ನು ಹೊತ್ತಿವೆ. ಆದರೆ ಕೆಲವೆಡೆ ‘ಮಲ್ಲಿ’ ಎಂದೂ, ಕೆಲವೆಡೆ ಬರಿಯ ‘ಮ’ ಎಂದೂ ಇದ್ದು, ಇವು ಕೀರ್ತಿಗಾಗಿ ಬರೆದುವೋ ಕೂಲಿಯ ಲೆಕ್ಕಕ್ಕಾಗಿ ಹಾಕಿದ ಗುರುತುಗಳೋ ಎಂಬ ಸಂದೇಹವನ್ನು ಹುಟ್ಟಿಸುತ್ತವೆ. ಎರಡನೆಯದೇ ನಮಗೆ ಸಂಭವನೀಯವಾಗಿ ತೋರುತ್ತದೆ.

ಈ ಹೆಸರು ಅಮೃತಾಪುರ, ಹಾರನಹಳ್ಳಿ, ನುಗ್ಗೇಹಳ್ಳಿಗಳಲ್ಲಿಯೂ ಉಂಟು. ಇವುಗಳಲ್ಲಿ ನುಗ್ಗೇಹಳ್ಳಿಯು ಶೋಧಕನಿಗೆ ಬಹಳ ಉಪಕಾರಿ. 1246ರ ಆ ದೇವಾಲಯದ ದಕ್ಷಿಣ ಪಾರ್ಶ್ವದಲ್ಲಿ ಬೈಚೋಜನೂ ಉತ್ತರ ಪಾರ್ಶ್ವದಲ್ಲಿ ಮಲ್ಲಿತಮ್ಮನೂ ಕೆಲಸ ಮಾಡಿರುವುದರಿಂದ, ಒಂದೇ ಕಾಲದ ಇಬ್ಬರ ಕೈವಾಡವನ್ನು ಒಂದೇ ಗೋಡೆಯ ಸುತ್ತಿನಲ್ಲಿ ಹೋಲಿಸಿ ನೋಡಬಹುದು. ಬೈಚೋಜನ ವಿಗ್ರಹಗಳಲ್ಲಿ ಶಾಂತಿಯೂ ಲಾಲಿತ್ಯವೂ ಮಿಗಿಲು. ಮಲ್ಲಿತಮ್ಮನವು ತುಸು ಒರಟಾದರೂ ಚೈತನ್ಯವುಳ್ಳವು. ಹೆಸರಿಲ್ಲದ ಪ್ರತಿಮೆಗಳ ಕರ್ತೃವನ್ನು ಊಹಿಸಲು ಇಂತಹ ಆಧಾರ ಬೇರೆಡೆ ದೊರೆಯುವುದು ವಿರಳ.

ಇಲ್ಲಿಂದ ಸೋಮನಾಥಪುರಕ್ಕೆ 22 ವರ್ಷಗಳು ಮಾತ್ರ. ಇಬ್ಬರೂ ಒಬ್ಬನೇ ಎನ್ನಲು ಅಡ್ಡಿಯಿಲ್ಲ. ತೊಡಕಿರುವುದು ಅಮೃತಾಪುರದಲ್ಲಿ. ಅದು ಇಮ್ಮಡಿ ಬಲ್ಲಾಳನ ಕಾಲದ್ದು, 1196ರದು. ಅಲ್ಲಿ ಭುವನೇಶ್ವರಿಗಳನ್ನು ಕಡೆದಾಗ ಮಲ್ಲಿತಮ್ಮನಿಗೆ 20 ವರ್ಷವೆಂದಿಟ್ಟುಕೊಂಡರೂ ಸೋಮನಾಥಪುರದ ವೇಳೆಗೆ 92 ಆಗಬೇಕು! ಇಷ್ಟು ದೀರ್ಘವಾದ ಉಳಿಯ ಬಾಳನ್ನು ಒಪ್ಪುವುದಕ್ಕಿಂತ, ತಾತನ ಹೆಸರನ್ನು ಮೊಮ್ಮಗನಿಗಿಡುವ ನಮ್ಮ ರೂಢಿಯನ್ನು ನೆನೆಯುವುದು ಲೇಸು. ಶಾಸನವು ದೇವಾಲಯಕ್ಕೆ ಕಾಲವನ್ನು ಕೊಡುವುದೇ ಹೊರತು ಒಂದೊಂದು ಕಲ್ಲಿಗೂ ಕೊಡುವುದಿಲ್ಲವಾದುದರಿಂದ, ಆ ಮಂಟಪವು ಕೆಲವು ವರ್ಷ ತಡವಾಗಿ ಮುಗಿದಿರಲೂಬಹುದು. ಆದರೂ ಅಂತರವು ಪೂರ್ತಿಯಾಗಿ ತುಂಬದು.

ಸಾಹಿತ್ಯಾಭ್ಯಾಸಿಗಳಿಗೆ ಇದು ಹೊಸ ಸಮಸ್ಯೆಯಲ್ಲ. ಛಂದೋಂಬುಧಿಯ ನಾಗವರ್ಮನೂ ಕಾವ್ಯಾವಲೋಕನದ ನಾಗವರ್ಮನೂ ಬೇರೆ ಬೇರೆಯೆಂಬುದು ಹೆಸರಿನಿಂದ ನಿರ್ಣಯವಾದುದಲ್ಲ. ಆಶ್ರಯದಾತರ ಉಲ್ಲೇಖಗಳಿಂದ ಆದುದು. ಕವಿಚರಿತೆಯನ್ನು ಬರೆದ ಆರ್. ನರಸಿಂಹಾಚಾರ್ಯರೇ 1917ರಲ್ಲಿ ಸೋಮನಾಥಪುರದ ಗ್ರಂಥವನ್ನೂ ಪ್ರಕಟಿಸಿದರು. ರೂವಾರಿಗೆ ಆಶ್ರಯದಾತನ ಸ್ತುತಿಯಿಲ್ಲ, ಗುರುಪರಂಪರೆಯಿಲ್ಲ. ಆದಕಾರಣ ಅಮೃತಾಪುರದ ಅಕ್ಷರಗಳ ಅಚ್ಚನ್ನೂ ಸೋಮನಾಥಪುರದ ಅಚ್ಚನ್ನೂ ಪಕ್ಕಪಕ್ಕದಲ್ಲಿರಿಸಿ, ‘ಮ’ಕಾರದಿಂದಲೇ ಪರೀಕ್ಷೆಯನ್ನು ಆರಂಭಿಸಬೇಕು.