ಕಾವಲಿನ ಹುಲ್ಲು ಮತ್ತು ಅಣ್ವಸ್ತ್ರದ ಪೈಪೋಟಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ನನ್ನ ವಿದ್ಯಾರ್ಥಿಗಳಿಗೆ ಅಣ್ವಸ್ತ್ರವೆಂದರೆ ಹಿರೋಷಿಮಾ, ನಾಗಸಾಕಿಗಳ ಪಾಠ. ಹೆಚ್ಚೆಂದರೆ ರಾಜಸ್ಥಾನದ ಪೋಖ್ರಾನ್. ಆ ಸರಪಳಿಯ ಒಂದು ಕೊಂಡಿ ಜಗಳೂರಿನ ಆಗ್ನೇಯಕ್ಕಿರುವ ಚಳ್ಳಕೆರೆಯ ಹುಲ್ಲುಗಾವಲಿನವರೆಗೂ ಬಂದಿದೆ ಎಂಬುದು ಅನೇಕರಿಗೆ ತಿಳಿದಿರಲಾರದು.

1945ರಲ್ಲಿ ಅಮೆರಿಕ ಬಾಂಬು ಹಾಕಿತು. 1949ರಲ್ಲಿ ಸೋವಿಯತ್ ಒಕ್ಕೂಟ, 1952ರಲ್ಲಿ ಬ್ರಿಟನ್, 1960ರಲ್ಲಿ ಫ್ರಾನ್ಸ್, 1964ರಲ್ಲಿ ಚೀನಾ ಅದೇ ಹಾದಿ ಹಿಡಿದವು. 1962ರ ಸೋಲಿನ ನೋವು ಆರದಿದ್ದ ಭಾರತ 1974ರ ಮೇ 18ರಂದು ಪೋಖ್ರಾನ್‌ನಲ್ಲಿ ಪರೀಕ್ಷೆ ನಡೆಸಿತು. ಅದರ ಮುಂದಾಳು ನಮ್ಮವರೇ ಆದ ರಾಜಾ ರಾಮಣ್ಣ. 1998ರ ಮೇ 11ರಂದು ಭಾರತ ಮತ್ತೆ ಪರೀಕ್ಷಿಸಿತು. ಹದಿನೇಳನೆಯ ದಿನ ಪಾಕಿಸ್ತಾನ ಉತ್ತರ ಕೊಟ್ಟಿತು. ಸ್ಟಾಕ್‌ಹೋಮ್‌ನ ಶಾಂತಿ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2025ರ ಆರಂಭದಲ್ಲಿ ಭಾರತದ ಬಳಿ ಸುಮಾರು 180, ಪಾಕಿಸ್ತಾನದ ಬಳಿ 170, ಚೀನಾದ ಬಳಿ 600 ಸಿಡಿತಲೆಗಳಿದ್ದವು. ಪ್ರತಿಯೊಬ್ಬರೂ ಹೇಳುವುದು ಒಂದೇ ಮಾತು: ‘ಮೊದಲು ಮಾಡಿದವನು ನಾನಲ್ಲ.’

ಇನ್ನು ಚಳ್ಳಕೆರೆಗೆ ಬರೋಣ. ನಿಸರ್ಗದ ಯುರೇನಿಯಮ್ಮಿನಲ್ಲಿ ಸೀಳಬಲ್ಲ ಅಂಶ ಶೇಕಡಾ 0.7 ಮಾತ್ರ. ಯಂತ್ರಗಳಲ್ಲಿ ಅತಿವೇಗವಾಗಿ ತಿರುಗಿಸಿ ಅದನ್ನು 3ರಿಂದ 5ಕ್ಕೆ ಏರಿಸಿದರೆ ವಿದ್ಯುತ್ತಿಗೆ ಇಂಧನ. 90ರ ಸುತ್ತಮುತ್ತ ಏರಿಸಿದರೆ ಬಾಂಬು. ಯಂತ್ರವೊಂದೇ, ಉದ್ದೇಶ ಬೇರೆ. ಮೈಸೂರು ಬಳಿಯ ರಟ್ಟೇಹಳ್ಳಿಯಲ್ಲಿ ಇಂಥ ಸ್ಥಾವರ ಮೊದಲೇ ಇತ್ತು. ಚಳ್ಳಕೆರೆಯ ಉಳ್ಳಾರ್ತಿ ಕಾವಲಿನಲ್ಲಿ ಇನ್ನೊಂದಕ್ಕಾಗಿ ಭಾಭಾ ಪರಮಾಣು ಸಂಶೋಧನಾ ಕೇಂದ್ರಕ್ಕೆ ಭೂಮಿ ನೀಡಲಾಯಿತು. ಅದು ಅಂತರರಾಷ್ಟ್ರೀಯ ತಪಾಸಣೆಗೆ ಒಳಪಡುವುದಿಲ್ಲವೆಂದು ವಿಜ್ಞಾನಿ ಶ್ರೀಕುಮಾರ್ ಬ್ಯಾನರ್ಜಿ 2011ರಲ್ಲೇ ತಿಳಿಸಿದ್ದರು. ಅಲ್ಲಿ ಬಾಂಬು ತಯಾರಾಗುತ್ತದೆಂದು ನಾನು ಹೇಳುತ್ತಿಲ್ಲ; ಆದರೆ ನೆರೆಯ ದೇಶದವರು ಒಳ್ಳೆಯದನ್ನೇ ಊಹಿಸುವರೆಂದು ಯಾರೂ ನಂಬಲಾರರು. ಪೈಪೋಟಿ ಬೆಳೆಯುವುದು ಇಂಥ ಸಂಶಯದ ನೆರಳಿನಲ್ಲಿಯೇ.

ಈ ಕಾವಲುಗಳಿಗೆ ಯುದ್ಧ ಹೊಸದೇನಲ್ಲ. ಚಿಕ್ಕದೇವರಾಜ ಒಡೆಯರ ‘ಬೆಣ್ಣೆ ಚಾವಡಿ’ಯೇ ಟಿಪ್ಪುವಿನ ಕಾಲಕ್ಕೆ ‘ಅಮೃತ್ ಮಹಲ್’ ಆಯಿತು. ಅದರ ಎತ್ತುಗಳು ಫಿರಂಗಿ ಎಳೆಯುತ್ತಿದ್ದವು. ಅವುಗಳ ಬಲದಿಂದ ಹೈದರನ ಸೇನೆ ಎರಡೂವರೆ ದಿನದಲ್ಲಿ ನೂರು ಮೈಲಿ ಕ್ರಮಿಸಿ ಚಿದಂಬರಕ್ಕೆ ಧಾವಿಸಿತಂತೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಬ್ರಿಟಿಷರು ಬಿಡದೆ ವಶಪಡಿಸಿಕೊಂಡ ಸಂಪತ್ತುಗಳಲ್ಲಿ ಈ ದನಗಳೂ ಸೇರಿದ್ದವು. ಒಬ್ಬ ಅರಸನ ಬಲ ಮತ್ತೊಬ್ಬನ ಆಸೆಯಾಗುವುದು ಅಂದಿಗೂ ಇಂದಿಗೂ ಒಂದೇ.

ಆದರೆ ಒಂದು ವ್ಯತ್ಯಾಸವಿದೆ. ಯುದ್ಧ ಮುಗಿದ ಮೇಲೆ ಎತ್ತು ನೇಗಿಲಿಗೆ ಹೆಗಲು ಕೊಡುತ್ತಿತ್ತು. ಹುಲ್ಲು ಹುಲ್ಲಾಗಿಯೇ ಉಳಿಯುತ್ತಿತ್ತು. ಆ ಬಯಲನ್ನೇ ನಂಬಿ ಸುತ್ತಲಿನ ಹಳ್ಳಿಗರು ಕುರಿ ಮೇಯಿಸಿದರು, ಕಂಬಳಿ ನೇಯ್ದರು. ಕೆಲವೇ ವರ್ಷಗಳಲ್ಲಿ ರಕ್ಷಣೆ, ಬಾಹ್ಯಾಕಾಶ, ಪರಮಾಣು, ವಿಜ್ಞಾನ ಸಂಸ್ಥೆಗಳಿಗೆ ಸಾವಿರಾರು ಎಕರೆ ಹೋಯಿತು, ಗೋಡೆ ಎದ್ದಿತು. ಕುರಿಗಾಹಿಗಳು ಪ್ರತಿಭಟಿಸಿದರು, ವಿಷಯ ಹಸಿರು ನ್ಯಾಯಮಂಡಳಿಯನ್ನೂ ತಲುಪಿತು.

ದೇಶಕ್ಕೆ ರಕ್ಷಣೆ ಬೇಕು, ಅದನ್ನು ಅಲ್ಲಗಳೆಯಲಾರೆ. ಆದರೆ ಆ ರಕ್ಷಣೆಯ ಬೆಲೆ ತೆರುವವರು ಯಾರು, ಅವರನ್ನು ಮೊದಲೇ ಕೇಳಲಾಯಿತೇ ಎಂದು ಪ್ರಶ್ನಿಸುವುದು ದ್ರೋಹವಲ್ಲ. ದೆಹಲಿ, ಇಸ್ಲಾಮಾಬಾದ್, ಬೀಜಿಂಗ್‌ಗಳ ಲೆಕ್ಕಾಚಾರದಲ್ಲಿ ಕುರಿಗಾಹಿಯ ಹೆಸರಿರುವುದಿಲ್ಲ. ಚರಿತ್ರೆ ಓದಿದ ನಾವಾದರೂ ಅವನನ್ನು ಮರೆಯಬಾರದು.