ನೆಲ ಮರಳಿತು, ಕೀಲಿಕೈ ಯಾರದು?

1913ರ ಕಾಯ್ದೆ ದಕ್ಷಿಣ ಆಫ್ರಿಕಾದ ಕಪ್ಪು ಜನರಿಗೆ ಬಿಟ್ಟಿದ್ದು ದೇಶದ ಸುಮಾರು ಶೇ. 7ರಷ್ಟು ನೆಲ ಮಾತ್ರ. ವರ್ಣಭೇದ ಆಡಳಿತ ಮುಗಿದಾಗ, ಕಳೆದುಕೊಂಡ ಭೂಮಿಯನ್ನು ಮರಳಿ ಕೇಳುವ ಹಕ್ಕನ್ನು 1994ರ ಕಾಯ್ದೆ ಕೊಟ್ಟಿತು. ಮರಳಿದ ಭೂಮಿಯನ್ನು ಜನರೇ ಒಟ್ಟಾಗಿ ಹೊಂದಲೆಂದು 1996ರಲ್ಲಿ ಸಮುದಾಯ ಆಸ್ತಿ ಸಂಘಗಳ ಕಾಯ್ದೆ ಬಂತು: ಬರೆದಿಟ್ಟ ನಿಯಮ, ಚುನಾಯಿತ ಸಮಿತಿ, ಹೆಣ್ಣುಮಕ್ಕಳಿಗೂ ಸಮಾನ ಸದಸ್ಯತ್ವ.

ಜಗಳ ಹುಟ್ಟಿದ್ದು ಇಲ್ಲೇ. ಪಿಲಾನೆಸ್‌ಬರ್ಗ್ ಸೀಮೆಯ ಬಕ್ಗಾಟ್ಲಾ ಜನ ಸಂಘ ಬೇಕೆಂದರು. ಅವರ ಪಾರಂಪರಿಕ ಮುಖಂಡರು ಟ್ರಸ್ಟ್ ಬೇಕೆಂದರು. ಸರ್ಕಾರ 2007ರಲ್ಲಿ ಸಂಘಕ್ಕೆ ತಾತ್ಕಾಲಿಕ ನೋಂದಣಿಯಷ್ಟೇ ಕೊಟ್ಟಿತು. ಕಾಯಂ ನೋಂದಣಿಗೆ 2015ರಲ್ಲಿ ಸಂವಿಧಾನ ನ್ಯಾಯಾಲಯವೇ ಆದೇಶಿಸಬೇಕಾಯಿತು.

ಈ ಚರಿತ್ರೆಯಿಂದ ನಾವು ಕಲಿಯುವುದಿಷ್ಟು: ಹಕ್ಕುಪತ್ರ ಬಂದರೆ ಸಾಲದು. ಸದಸ್ಯರ ಪಟ್ಟಿ, ಸಭೆ, ಲೆಕ್ಕಪುಸ್ತಕ ಯಾರ ಕೈಯಲ್ಲಿವೆಯೋ ನೆಲವೂ ಅವರ ಕೈಯಲ್ಲೇ.