ಕಡಿಮೆ ಬಿಸಿಯ ವಿದ್ಯುತ್
ನೀರಿಗಿಂತ ಬೇಗ ಕುದಿಯುವ ದ್ರವದ ಆವಿಯಿಂದ ಯಂತ್ರ ನಡೆಸುವುದು ಹಳೆಯ ಉಪಾಯ. 1880ರ ದಶಕದಲ್ಲೇ ಅಮೆರಿಕದ ಫ್ರಾಂಕ್ ಓಫೆಲ್ಟ್ ನಾಫ್ತಾ ಎಂಜಿನ್ ರೂಪಿಸಿದ. ಅದು ವಿಹಾರದೋಣಿಗಳನ್ನು ಓಡಿಸಿತು. ಹೊತ್ತಿಕೊಳ್ಳುವ ನಾಫ್ತಾವನ್ನೇ ಕುದಿಸುವ ಧೈರ್ಯ ಸಾಮಾನ್ಯವಲ್ಲ! ಇಸ್ರೇಲಿನಲ್ಲಿ ಹ್ಯಾರಿ ಟಾಬೊರ್ ಮತ್ತು ಲೂಸಿಯನ್ ಬ್ರೊನಿಕಿ ಸಾವಯವ ದ್ರವದ ಪುಟ್ಟ ಟರ್ಬೈನ್ ಕಟ್ಟಿ, 1961ರಲ್ಲಿ ರೋಮ್‌ನ ವಿಶ್ವಸಂಸ್ಥೆ ಸಮ್ಮೇಳನದಲ್ಲಿ ತೋರಿಸಿದರು. 1967ರಲ್ಲಿ ಸೋವಿಯತ್ ಕಮ್ಚಾಟ್ಕಾದ ಪರಾತುಂಕಾದಲ್ಲಿ 81 ಡಿಗ್ರಿ ಸೆಲ್ಸಿಯಸ್‌ನ ಭೂಗರ್ಭಜಲದಿಂದಲೇ ವಿದ್ಯುತ್ ಹುಟ್ಟಿತು.

ಈ ಉಪಾಯಕ್ಕೆ ಕಾರ್ಖಾನೆಗಳು ತಡವಾಗಿ ಬಂದವು. ಜರ್ಮನಿಯ ಲೆಂಗ್‌ಫರ್ಟ್ ಸಿಮೆಂಟ್ ಕಾರ್ಖಾನೆ 1999ರಲ್ಲಿ ಕ್ಲಿಂಕರ್ (ಸುಟ್ಟ ಸಿಮೆಂಟ್ ಗಟ್ಟಿ) ತಣಿಸಿದ ಬಿಸಿಗಾಳಿಯ ಶಾಖವನ್ನು ಪೆಂಟೇನ್ ಆವಿಯ ಟರ್ಬೈನಿಗೆ ಊಡಿತು. ವಿಳಂಬಕ್ಕೆ ಜಾಣ್ಮೆಯ ಕೊರತೆಗಿಂತ ಲೆಕ್ಕಾಚಾರವೇ ಕಾರಣ: 80 ಡಿಗ್ರಿಯ ಶಾಖ, 20 ಡಿಗ್ರಿಯ ತಂಪು ಇದ್ದರೆ, ಆದರ್ಶ ಯಂತ್ರಕ್ಕೂ ಕೆಲಸವಾಗಿ ದಕ್ಕುವುದು ಶಾಖದ ಶೇ. 17 ಮಾತ್ರ.